ಆಟಗಾರರ ಊರು ಮೊದಲು, ಸರ್ವರಿನ ಬಾಡಿಗೆ ಆಮೇಲೆ

ಪುಟ್ಟದೊಂದು ಆನ್‌ಲೈನ್ ಆಟ ಕಟ್ಟಿ, ಅದನ್ನು ನಡೆಸಲು ಸರ್ವರ್ ಹುಡುಕುತ್ತಿರುವ ಕಿರಿಯ ಮಿತ್ರರಿಗೆ,

ಹಲವರು ಏಕಕಾಲಕ್ಕೆ ಆಡುವ ಆಟದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರ ಏಟು ಯಾರಿಗೆ ತಗುಲಿತು ಎಂಬುದನ್ನು ತೀರ್ಮಾನಿಸುವ ಕಂಪ್ಯೂಟರೇ ಸರ್ವರ್. ಅದನ್ನು ಬಾಡಿಗೆಗೆ ಹಿಡಿಯುವಾಗ ಹೊಸಬರ ಕಣ್ಣು ಸಾಮಾನ್ಯವಾಗಿ ತಿಂಗಳ ಬಾಡಿಗೆಯ ಮೇಲೋ ಕಂಪನಿಯ ಹೆಸರಿನ ಮೇಲೋ ನೆಡುತ್ತದೆ. ಆದರೆ ಮೊದಲು ಕೇಳಿಕೊಳ್ಳಬೇಕಾದದ್ದು ಆಡುವವರು ಯಾವ ಊರಿನವರು ಎಂಬುದನ್ನು. ಮೆಮೊರಿ ಸಾಲದಿದ್ದರೆ ಹಣ ಕೊಟ್ಟು ಹೆಚ್ಚಿಸಿಕೊಳ್ಳಬಹುದು, ದೂರವನ್ನು ಹಣ ಕೊಟ್ಟು ತಗ್ಗಿಸಲಾಗದು. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಪ್ರತಿ 1,000 ಕಿಲೋಮೀಟರ್ ದೂರಕ್ಕೆ ಹೋಗಿಬರಲು 10 ಮಿಲಿಸೆಕೆಂಡಾದರೂ ಬೇಕೇ ಬೇಕು. ಕೇಬಲ್ಲುಗಳು ಸುತ್ತುಬಳಸಿ ಹಾಯುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ತಗಲುತ್ತದೆ. ಹೀಗೆ ಹೋಗಿಬರುವ ಕಾಲವನ್ನೇ ಆಟಗಾರರು ಪಿಂಗ್ ಎನ್ನುತ್ತಾರೆ. ಆದ್ದರಿಂದ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಆಡುವವರಿಗೆ ಫ್ರಾಂಕ್‌ಫರ್ಟಿನಲ್ಲಿ ಅಗ್ಗಕ್ಕೆ ಸಿಗುವ ಸರ್ವರಿಗಿಂತ, ಅಮೆಜಾನ್ 2016ರಲ್ಲಿ ಮುಂಬೈಯಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ತೆರೆದ, ಡಿಜಿಟಲ್ ಓಷನ್ 2016ರಲ್ಲಿ ಬೆಂಗಳೂರಿನಲ್ಲಿ ತೆರೆದ ಡೇಟಾ ಸೆಂಟರುಗಳಂಥವು ತುಸು ದುಬಾರಿಯಾದರೂ ಮೇಲು. ನ್ಯೂಜೆರ್ಸಿಯಲ್ಲಿರುವ ನೆಂಟರೂ ಜೊತೆಗೂಡಿದರೆ ಅವರ ಪಿಂಗ್ 100 ಮಿಲಿಸೆಕೆಂಡ್ ದಾಟುವುದನ್ನು ಯಾವ ಕಂಪನಿಯೂ ತಪ್ಪಿಸಲಾರದೆಂಬುದನ್ನು ಅವರಿಗೆ ಮುಂಚೆಯೇ ತಿಳಿಸುವುದು ಒಳಿತು. ಚೌಕಾಬಾರದಂತೆ ಸರದಿಯ ಮೇಲೆ ನಡೆಯುವ ಆಟಕ್ಕಾದರೆ ಈ ಚಿಂತೆ ಅಷ್ಟಾಗಿ ಬೇಕಿಲ್ಲ.

ಎರಡನೆಯ ವಿಚಾರ ಪ್ರೊಸೆಸರಿನದು. ಸರ್ವರ್ ತನ್ನ ಆಟದ ಲೋಕವನ್ನು ಸೆಕೆಂಡಿಗೆ ಇಂತಿಷ್ಟು ಬಾರಿ ಹೊಸದಾಗಿ ಲೆಕ್ಕ ಹಾಕುತ್ತದೆ. ಅಂಥ ಒಂದು ಸುತ್ತಿಗೆ ಟಿಕ್ ಎಂದು ಹೆಸರು. ಮೈನ್‌ಕ್ರಾಫ್ಟ್‌ನಲ್ಲಿ ಸೆಕೆಂಡಿಗೆ 20 ಟಿಕ್, ಅಂದರೆ ಒಂದೊಂದು ಸುತ್ತಿನ ಕೆಲಸವೂ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕು, ಮುಗಿಯದಿದ್ದರೆ ಆಡುವವರೆಲ್ಲರಿಗೂ ಒಟ್ಟಿಗೇ ಲ್ಯಾಗ್ ಆಗುತ್ತದೆ. ಈ ಕೆಲಸದ ಮುಖ್ಯ ಭಾಗ ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುವುದರಿಂದ, ನಿಧಾನದ 8 ಕೋರ್‌ಗಳಿಗಿಂತ ಚುರುಕಾದ 2 ಕೋರ್‌ಗಳು ಹೆಚ್ಚು ಉಪಕಾರಿ. ಅಗ್ಗದ ಯೋಜನೆಗಳಲ್ಲಿ ಆ ಕೋರ್ ಕೂಡ ಹಲವು ಬಾಡಿಗೆದಾರರ ನಡುವೆ ಹಂಚಿಹೋಗಿರುತ್ತದೆ. ವಠಾರದ ಒಂದೇ ನಲ್ಲಿಯಂತೆ, ಪಕ್ಕದವರು ತಿರುಗಿಸಿದೊಡನೆ ಇಲ್ಲಿ ನೀರು ಸಣ್ಣಗಾಗುತ್ತದೆ.

ಡೇಟಾ ಸಾಗಣೆಯ ಲೆಕ್ಕ ಸುಲಭ. 20 ಜನರಿಗೆ ಸೆಕೆಂಡಿಗೆ 20 ಬಾರಿ 200 ಬೈಟ್ ಕಳಿಸಿದರೆ ಸೆಕೆಂಡಿಗೆ 80 ಕಿಲೋಬೈಟ್. ಹಗಲೂ ರಾತ್ರಿ ಆಡಿದರೂ ತಿಂಗಳಿಗೆ ಸುಮಾರು 207 ಗಿಗಾಬೈಟ್. ಹೊರಹೋಗುವ ಡೇಟಾಕ್ಕೆ ಗಿಗಾಬೈಟಿನ ಲೆಕ್ಕದಲ್ಲಿ ಹಣ ಕೇಳುವವರನ್ನೂ ಬಾಡಿಗೆಯೊಳಗೇ ಸೇರಿಸಿಕೊಡುವವರನ್ನೂ ಈ ಅಂಕಿಯಿಟ್ಟುಕೊಂಡು ಹೋಲಿಸಬೇಕು. ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡುವ ಆಸೆ ಸಹಜವಾದರೂ, ಅನೇಕ ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ಐಪಿ ವಿಳಾಸ ಕೊಡುವುದರಿಂದ ಹೊರಗಿನವರು ಒಳಬರಲು ನೇರ ದಾರಿ ಇರುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಬ್ಯಾಕಪ್, ಅಂದರೆ ಆಟದ ಮಾಹಿತಿಯ ಪ್ರತಿಯನ್ನು ಬೇರೆಡೆ ಕಾಪಿಡುವುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾದಾಗ, ರಸ್ಟ್ ಎಂಬ ಆಟದ 25 ಯುರೋಪಿಯನ್ ಸರ್ವರುಗಳೂ ಸುಟ್ಟುಹೋದವು. ಅವುಗಳಲ್ಲಿದ್ದ ಮಾಹಿತಿಯನ್ನು ಮರಳಿ ಪಡೆಯಲಾಗಲಿಲ್ಲ. ಆಟಗಾರರು ರಾತ್ರಿಯೆಲ್ಲ ಕೂತು ಕಟ್ಟಿದ ಕೋಟೆ ಆಟ ನಡೆಸುವವರ ಬಳಿ ಇಟ್ಟ ಒಡವೆಯೇ ಸರಿ. ಅದೇ ಕಂಪನಿಯ ಅದೇ ಕಟ್ಟಡದಲ್ಲಿಟ್ಟ ಪ್ರತಿ ಬೆಂಕಿಯ ದಿನ ಕೈಗೆ ಬಾರದು. ಬೇರೆ ಊರಿನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯಲ್ಲಿ ದಿನಕ್ಕೊಂದು ಪ್ರತಿ ಇಟ್ಟು, ಅದರಿಂದ ಆಟವನ್ನು ನಿಜಕ್ಕೂ ಮತ್ತೆ ಎಬ್ಬಿಸಲು ಆಗುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.

ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಮಾತಿಗೆ ಮೊದಲ ದಿನವೇ ಒಪ್ಪಬೇಕಿಲ್ಲ. ಒಂದೇ ತಿಂಗಳಿಗೆ ಹಿಡಿದು, ಬೇರೆ ಬೇರೆ ಊರಿನ ಗೆಳೆಯರನ್ನು ರಾತ್ರಿ ಎಂಟರಿಂದ ಹತ್ತರವರೆಗೆ, ಎಲ್ಲರ ಮನೆಯಲ್ಲೂ ಇಂಟರ್ನೆಟ್ ಬಳಕೆ ಹೆಚ್ಚಿರುವ ಹೊತ್ತಿನಲ್ಲಿ, ಆಡಲು ಕರೆದು, ಪಿಂಗ್ ಎಷ್ಟಿತ್ತು, ಟಿಕ್ ಎಲ್ಲಿ ತಡವರಿಸಿತು ಎಂದು ಬರೆದಿಟ್ಟುಕೊಂಡ ಮೇಲೆಯೇ ವರ್ಷದ ಹಣದ ಮಾತು ಆಡಬೇಕು.

ಇಂತಿ,
ಹಿತೈಷಿ