ಚಿತ್ರ ಉಪಗ್ರಹದ್ದು, ನಕ್ಷೆ ಮನುಷ್ಯರದ್ದು



ಭೂಗೋಳದ ತರಗತಿಯಲ್ಲಿ ದೂರಸಂವೇದಿ ತಂತ್ರಜ್ಞಾನದ ಬಗ್ಗೆ ಓದುತ್ತೇವೆ. ಅದು ಜೀವ ಉಳಿಸುವ ಕೆಲಸಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಒಂದು ನಿಜ ಘಟನೆಯ ಮೂಲಕ ತಿಳಿಯೋಣ.

2010ರ ಜನವರಿ 12ರಂದು ಸಂಜೆ 4 ಗಂಟೆ 53 ನಿಮಿಷಕ್ಕೆ ಕೆರಿಬಿಯನ್ ದ್ವೀಪರಾಷ್ಟ್ರ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಅದರ ಕೇಂದ್ರ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ ಕೇವಲ 25 ಕಿ.ಮೀ. ದೂರದಲ್ಲಿತ್ತು. ಲಕ್ಷಾಂತರ ಮನೆಗಳು ಕುಸಿದವು ಅಥವಾ ಹಾಳಾದವು. ಅಲ್ಲಿದ್ದ ವಿಶ್ವಸಂಸ್ಥೆಯ ಮುಖ್ಯ ಕಚೇರಿಯೂ ಉರುಳಿತು. ಸಂಸ್ಥೆಯ 102 ಮಂದಿ ಪ್ರಾಣ ಕಳೆದುಕೊಂಡರು. ನೆರವು ನೀಡಬೇಕಾದವರೇ ಅವಶೇಷಗಳಡಿ ಸಿಲುಕಿದ್ದರು.

ಹೊರದೇಶಗಳಿಂದ ಶೋಧ ತಂಡಗಳು ಬಂದಿಳಿದವು. ಔಷಧ, ನೀರು, ಯಂತ್ರ ಎಲ್ಲವೂ ಬಂತು. ಆದರೆ ಎಲ್ಲಿಗೆ ಹೋಗಬೇಕು? ಯಾವ ರಸ್ತೆಯಲ್ಲಿ ಹೋಗಬೇಕು? ಯಾರು ಬೇಕಾದರೂ ಬಳಸಬಹುದಾದ ಅಂತರಜಾಲದ ನಕ್ಷೆಗಳಲ್ಲಿ ಆ ನಗರದ ಕೆಲವು ಮುಖ್ಯ ರಸ್ತೆಗಳಷ್ಟೇ ಇದ್ದವು. ಬಡವರು ದಟ್ಟವಾಗಿ ವಾಸಿಸುವ ಗುಡ್ಡದ ಓಣಿಗಳು ಖಾಲಿ ಜಾಗದಂತೆ ಕಾಣುತ್ತಿದ್ದವು.

ಮೊದಲ ಹಂತ: ಚಿತ್ರ

ದೊಡ್ಡ ವಿಪತ್ತು ಸಂಭವಿಸಿದಾಗ ಬಾಹ್ಯಾಕಾಶ ಸಂಸ್ಥೆಗಳು ತಮ್ಮ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ಹಂಚಿಕೊಳ್ಳುವ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ನಮ್ಮ ಇಸ್ರೋ 2001ರಲ್ಲೇ ಅದನ್ನು ಸೇರಿದೆ. ಹೈಟಿಯ ವಿಷಯದಲ್ಲಿ ಖಾಸಗಿ ಉಪಗ್ರಹ ಕಂಪನಿಗಳೂ ಸ್ಪಷ್ಟವಾದ ಚಿತ್ರಗಳನ್ನು ಬಿಡುಗಡೆ ಮಾಡಿದವು.

ಉಪಗ್ರಹ ಚಿತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸೂರ್ಯನ ಬೆಳಕಿನಲ್ಲಿ ತೆಗೆದ ಸಾಮಾನ್ಯ ಚಿತ್ರ. ಇದರಲ್ಲಿ ಮನೆ, ರಸ್ತೆ, ಮರಗಳನ್ನು ಗುರುತಿಸುವುದು ಸುಲಭ. ಆದರೆ ಮೋಡ ಕವಿದರೆ ಏನೂ ಕಾಣದು. ಇನ್ನೊಂದು, ರೇಡಾರ್ ಚಿತ್ರ. ಉಪಗ್ರಹವೇ ಮೈಕ್ರೋತರಂಗಗಳನ್ನು ಕಳುಹಿಸಿ ಮರಳಿ ಬಂದದ್ದನ್ನು ದಾಖಲಿಸುತ್ತದೆ. ಇದಕ್ಕೆ ಮೋಡವೂ ಇರುಳೂ ಅಡ್ಡಿಯಲ್ಲ. ನಿಂತ ನೀರು ಕನ್ನಡಿಯಂತೆ ತರಂಗಗಳನ್ನು ಬೇರೆಡೆಗೆ ಪ್ರತಿಫಲಿಸುವುದರಿಂದ ನೆರೆ ಬಂದ ಜಾಗ ಕಪ್ಪಾಗಿ ಕಾಣುತ್ತದೆ. 2024ರ ಜುಲೈ 30ರಂದು ನಮ್ಮ ನೆರೆಯ ವಯನಾಡಿನಲ್ಲಿ ಭೂಕುಸಿತವಾದಾಗ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಎರಡೂ ಬಗೆಯ ಚಿತ್ರಗಳನ್ನು ಬಳಸಿ, ಮಣ್ಣುಕಲ್ಲಿನ ಪ್ರವಾಹ ಸುಮಾರು 8 ಕಿ.ಮೀ. ಹರಿದಿದ್ದನ್ನು ಗುರುತಿಸಿತು.

ಎರಡನೆಯ ಹಂತ: ನಕ್ಷೆ

ಚಿತ್ರವೇ ನಕ್ಷೆಯಲ್ಲ. ಚಿತ್ರದಲ್ಲಿ ಕಾಣುವ ಬೂದು ಗೆರೆ ರಸ್ತೆಯೋ ಚರಂಡಿಯೋ ಎಂದು ಯಾರಾದರೂ ನೋಡಿ ನಿರ್ಧರಿಸಬೇಕು. ಈ ಕೆಲಸಕ್ಕೆ ಮುಂದಾದವರು 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ಮುಕ್ತ ನಕ್ಷೆಯ ಸ್ವಯಂಸೇವಕರು. ಬೇರೆ ಬೇರೆ ದೇಶಗಳ 600ಕ್ಕೂ ಹೆಚ್ಚು ಜನ ತಮ್ಮ ಮನೆಗಳಲ್ಲೇ ಕುಳಿತು ರಸ್ತೆಗಳನ್ನು, ಕುಸಿದ ಕಟ್ಟಡಗಳನ್ನು, ನಿರಾಶ್ರಿತರ ಡೇರೆಗಳನ್ನು ಚಿತ್ರದ ಮೇಲೆ ಗುರುತಿಸಿದರು. ಇವರಲ್ಲಿ ಹೆಚ್ಚಿನವರು ಹೈಟಿಯನ್ನು ಕಂಡವರೇ ಅಲ್ಲ. ಕೆಲವೇ ದಿನಗಳಲ್ಲಿ ಸಿದ್ಧವಾದ ಆ ನಕ್ಷೆಯನ್ನು ಶೋಧ ತಂಡಗಳು ತಮ್ಮ ಜಿಪಿಎಸ್ ಉಪಕರಣಗಳಿಗೆ ಇಳಿಸಿಕೊಂಡು ಬಳಸಿದವು.

ಮೂರನೆಯ ಹಂತ: ಹೆಸರು

ಉಪಗ್ರಹಕ್ಕೆ ಮಿತಿಗಳಿವೆ. ಕೆಳಗಿನ ಮಹಡಿ ಕುಸಿದು ತಾರಸಿ ಹಾಗೆಯೇ ಕುಳಿತ ಕಟ್ಟಡ ಮೇಲಿನಿಂದ ಸುಸ್ಥಿತಿಯಲ್ಲಿರುವಂತೆ ಕಾಣುತ್ತದೆ. ಒಂದು ಕಟ್ಟಡ ಶಾಲೆಯೋ ಆಸ್ಪತ್ರೆಯೋ ಎಂಬುದಾಗಲಿ, ಓಣಿಯ ಹೆಸರಾಗಲಿ ಆಕಾಶದಿಂದ ತಿಳಿಯದು.

ಹೈಟಿಯ ಜನ 4636 ಎಂಬ ಸಂಖ್ಯೆಗೆ ಎಸ್‌ಎಂಎಸ್ ಮೂಲಕ ತಮ್ಮ ಸಂಕಷ್ಟ ತಿಳಿಸುವ ವ್ಯವಸ್ಥೆಯಾಯಿತು. ಸಂದೇಶಗಳು ಅವರ ಮಾತೃಭಾಷೆ ಕ್ರಿಯೋಲ್‌ನಲ್ಲಿದ್ದವು. ಪರದೇಶಗಳಲ್ಲಿ ನೆಲೆಸಿದ್ದ ಹೈಟಿಯನ್ನರು ಅವನ್ನು ಇಂಗ್ಲಿಷಿಗೆ ಅನುವಾದಿಸಿದ್ದಲ್ಲದೆ, ಅವುಗಳಲ್ಲಿ ಹೇಳಿದ ಜಾಗ ಯಾವುದೆಂದು ಪತ್ತೆಹಚ್ಚಲೂ ನೆರವಾದರು. ಆ ಊರನ್ನೂ ಆ ಭಾಷೆಯನ್ನೂ ಬಲ್ಲವರು ಇಲ್ಲದಿದ್ದರೆ ಆ ಸಂದೇಶಗಳು ಪರದೇಶದ ತಂಡಗಳಿಗೆ ಅರ್ಥವಾಗುತ್ತಲೇ ಇರಲಿಲ್ಲ.

ನಾವೇನು ಮಾಡಬಹುದು?

ಹೈಟಿಯ ಪಾಠ ಸರಳ: ವಿಪತ್ತು ಬಂದ ಮೇಲೆ ನಕ್ಷೆ ಬರೆಯಲು ಹೊರಟರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಅದಕ್ಕಾಗಿಯೇ 2014ರಲ್ಲಿ ರೆಡ್ ಕ್ರಾಸ್ ಮತ್ತು 'ಗಡಿಗಳಿಲ್ಲದ ವೈದ್ಯರು' ಮುಂತಾದ ಸಂಸ್ಥೆಗಳು ಸೇರಿ, ನಕ್ಷೆಯಲ್ಲಿಲ್ಲದ ಊರುಗಳನ್ನು ಮೊದಲೇ ಗುರುತಿಸುವ 'ಮಿಸ್ಸಿಂಗ್ ಮ್ಯಾಪ್ಸ್' ಯೋಜನೆ ಆರಂಭಿಸಿದವು. ಕಂಪ್ಯೂಟರ್ ಮತ್ತು ಅಂತರಜಾಲ ಇದ್ದರೆ ವಿದ್ಯಾರ್ಥಿಗಳೂ ಇದರಲ್ಲಿ ಕೈಜೋಡಿಸಬಹುದು. ಒಬ್ಬರು ಗುರುತಿಸಿದ್ದನ್ನು ಅನುಭವಿಗಳು ಪರಿಶೀಲಿಸುತ್ತಾರೆ. ಆದ್ದರಿಂದ ಹೊಸಬರು ಹೆದರಬೇಕಿಲ್ಲ. ಆದರೆ ಅವಸರದಲ್ಲಿ ತಪ್ಪು ರಸ್ತೆ ಬರೆಯಬಾರದು. ಅದನ್ನು ನಂಬಿ ಒಂದು ಆಂಬ್ಯುಲೆನ್ಸ್ ಹೊರಟೀತು ಎಂಬ ಎಚ್ಚರವಿರಲಿ.

ಮನೆಗೆಲಸ

1. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರನ್ನು ತೆರೆದು ನೋಡಿ. ನಿಮ್ಮ ಓಣಿ, ಬಾವಿ, ಶಾಲೆ, ಆರೋಗ್ಯ ಕೇಂದ್ರ ಅದರಲ್ಲಿವೆಯೇ?

2. ಇಲ್ಲದವುಗಳ ಪಟ್ಟಿ ಮಾಡಿ. ಹೆಸರುಗಳನ್ನು ಊರಿನವರು ಕರೆಯುವಂತೆಯೇ ಕನ್ನಡದಲ್ಲಿ ಬರೆಯಿರಿ. ಆ ನಕ್ಷೆಯಲ್ಲಿ ಕನ್ನಡ ಹೆಸರಿಗೂ ಜಾಗವಿದೆ. ಬೇರೆ ನಕ್ಷೆಗಳಿಂದ ನಕಲು ಮಾಡಬೇಡಿ, ನಡೆದು ನೋಡಿ ಬರೆಯಿರಿ.

3. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಯಾವುದು, ಆಗ ಬಳಸುವ ಬದಲಿ ದಾರಿ ಯಾವುದು ಎಂದು ಮನೆಯ ಹಿರಿಯರನ್ನು ಕೇಳಿ. ಇದು ಯಾವ ಉಪಗ್ರಹಕ್ಕೂ ಗೊತ್ತಿರದ ಮಾಹಿತಿ.

ಪಟ್ಟಿಯನ್ನು ಮುಂದಿನ ಭೂಗೋಳ ತರಗತಿಗೆ ತನ್ನಿ. ಎಲ್ಲರೂ ಸೇರಿ ನಕ್ಷೆಗೆ ಸೇರಿಸೋಣ.