ತೆರೆಯ ಮೇಲಿನ ಆನೆಯ ಹುಡುಗನೂ ನಮ್ಮ ಮಕ್ಕಳೂ

ಪಾಶ್ಚಾತ್ಯ ಸಾಹಸಚಿತ್ರಗಳೆಂದರೆ ಮಕ್ಕಳಿಗೆ ಬಹು ಪ್ರೀತಿ. ಕಾಡು, ಹುಲಿ, ಆನೆ, ಯುದ್ಧ ಇವೆಲ್ಲವೂ ಅವುಗಳಲ್ಲಿ ಮನೋಹರವಾಗಿ ತೋರುತ್ತವೆ. ಆದರೆ ಆ ಕಾಡಿನಲ್ಲಿ ಒಡೆಯನಾರು, ಆಳು ಯಾರು ಎಂಬ ಪಾಠವನ್ನೂ ಚಿತ್ರವು ಸದ್ದಿಲ್ಲದೆ ಕಲಿಸಿಬಿಡುತ್ತದೆ. ಇದನ್ನು ತಾಯಿತಂದೆಗಳು ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನೊಬ್ಬನ ಮಗನಾಗಿ ಸಾಬು ಜನಿಸಿದನು. ಕಿಪ್ಲಿಂಗನ ಕಥೆಯನ್ನಾಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ನಟಿಸಿ 1937ರಲ್ಲಿ ಆತನು ಲೋಕಪ್ರಸಿದ್ಧನಾದನು. ಅದರ ಹೊರಾಂಗಣ ದೃಶ್ಯಗಳನ್ನು ಮೈಸೂರು ಸೀಮೆಯಲ್ಲಿಯೇ ಚಿತ್ರಿಸಲಾಯಿತು. ಕಾಡು ನಮ್ಮದು, ಆನೆ ನಮ್ಮದು, ಅದನ್ನು ಪಳಗಿಸುವ ವಿದ್ಯೆಯೂ ನಮ್ಮ ಮಾವುತರದು. ಆದರೆ ಕಥೆಯಲ್ಲಿ ಅಪ್ಪಣೆ ಕೊಡುವವನು ಪೀಟರ್ಸನ್ ಸಾಹೇಬನು! ಮಚುವಾ ಅಪ್ಪನೆಂಬ ಭಾರತೀಯನ ವೇಷವನ್ನು ಸಹ ಆಂಗ್ಲ ನಟನೇ ಧರಿಸಿದನು.

1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ವಾಯವ್ಯ ಗಡಿನಾಡಿನ ರಾಜಕುಮಾರನಾದನು. ಅಲ್ಲಿ ಬ್ರಿಟಿಷರ ಗೆಳೆಯನೇ ಸಜ್ಜನ, ಅವರನ್ನೆದುರಿಸಿದವನೇ ದುಷ್ಟ. ಇದನ್ನು ಸಹಿಸದ ಜನರು ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ, ಆತಗೂರು ಹೋಬಳಿಯಿರುವ ಮದ್ದೂರು ತಾಲ್ಲೂಕಿನ ಶಿವಪುರದಲ್ಲಿಯೇ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ತೆರೆಯು ತೋರಿಸಿದ ಭಾರತೀಯನೆಲ್ಲಿ, ಶಿವಪುರದ ರೈತನೆಲ್ಲಿ!

ಈ ಎರಡು ಚಿತ್ರಗಳೂ ಲಂಡನ್ನಿನ ಸಂಸ್ಥೆಯವು. ಹಾಲಿವುಡ್ಡಿನ ದೃಷ್ಟಿಯೂ ಭಿನ್ನವಾಗಿರಲಿಲ್ಲ. 1939ರ ‘ಗಂಗಾ ದಿನ್’ ಚಿತ್ರದಲ್ಲಿ ನೀರು ಹೊರುವ ಭಾರತೀಯನೊಬ್ಬನು ಬ್ರಿಟಿಷ್ ಸೈನ್ಯಕ್ಕಾಗಿ ಪ್ರಾಣ ಕೊಡುವುದೇ ಪರಮ ಸದ್ಗುಣವೆನಿಸುತ್ತದೆ. ಬಂಗಾಳ ಹಾಗೂ ಮುಂಬಯಿ ಪ್ರಾಂತಗಳಲ್ಲಿ ಅದನ್ನು ನಿಷೇಧಿಸಲಾಯಿತು. ಇಂತಹ ಕಥೆಗಳಲ್ಲಿ ನಮ್ಮ ಹೆಂಗಸರ ದನಿ ಕೇಳಿಬರುವುದಂತೂ ಬಲು ವಿರಳ.

ಸಾಬುವನ್ನು ನಾವು ದೂಷಿಸಲಾರೆವು. ಆತನ ಪ್ರತಿಭೆ ನಿಜವಾದುದು. 1944ರಲ್ಲಿ ಅಮೆರಿಕದ ಪೌರನಾಗಿ, ಮಹಾಯುದ್ಧದಲ್ಲಿ ಅಲ್ಲಿನ ವಿಮಾನದಳದಲ್ಲಿ ಸೇವೆ ಸಲ್ಲಿಸಿದನು. ಆದರೂ 1963ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವನಿಗೆ ಬಹುಮಟ್ಟಿಗೆ ದೊರೆತುದು ಕಾಡಿನ ಹುಡುಗನಂಥ ಪಾತ್ರಗಳೇ.

ಈ ಚಿತ್ರಗಳು ಇಂದು ಮನೆಯೊಳಗೇ ನೋಡಸಿಗುತ್ತವೆ. ಮಕ್ಕಳಿಗೆ ಬೇಡವೆನ್ನುವುದಕ್ಕಿಂತ ಅವರೊಡನೆ ಕುಳಿತು ನೋಡುವುದು ಲೇಸು. ಬಳಿಕ ಮೂರು ಪ್ರಶ್ನೆಗಳನ್ನು ಕೇಳೋಣ: ಇಲ್ಲಿ ಮಾತನಾಡುವವರು ಯಾರು? ಕೆಲಸ ಬಲ್ಲವರು ಯಾರು? ಕೀರ್ತಿ ಪಡೆದವರು ಯಾರು? ಇವಕ್ಕೆ ತಾನೇ ಉತ್ತರ ಹುಡುಕಬಲ್ಲ ಬಾಲಕಿಯು ಚಿತ್ರದ ಸೊಗಸನ್ನೂ ಸವಿಯುವಳು, ಅದರ ಸುಳ್ಳಿಗೂ ಮರುಳಾಗಳು.