ಪತ್ತೂರಿನ ನಟರಾಜ

ಪಾಳುಬಿದ್ದ ದೇವಾಲಯವೊಂದು ಪರದೇಶದ ನ್ಯಾಯಾಸ್ಥಾನದಲ್ಲಿ ತನ್ನ ಸೊತ್ತನ್ನು ಕೇಳಬಹುದೇ? ಈ ಪ್ರಶ್ನೆ ಎದ್ದುದು ಒಂದು ಕಂಚಿನ ವಿಗ್ರಹದಿಂದ.

1976ರಲ್ಲಿ ತಂಜಾವೂರು ಸೀಮೆಯ ಪತ್ತೂರಿನ ಹಾಳು ಶಿವಾಲಯದ ಬಳಿ ನೆಲವನ್ನು ಅಗೆಯುತ್ತಿದ್ದ ಕೂಲಿಕಾರನೊಬ್ಬನಿಗೆ ಚೋಳರ ಕಾಲದ ನಟರಾಜ ದೊರೆತನು. ಅಲ್ಪ ಬೆಲೆಗೆ ಮಾರಾಟವಾದ ಆ ಮೂರ್ತಿ ದಲ್ಲಾಳಿಗಳ ಕೈಯಿಂದ ಕೈಗೆ ಸಾಗಿ ಲಂಡನ್ನನ್ನು ಸೇರಿತು. 1982ರಲ್ಲಿ ಕೆನಡಾದ ಕಂಪನಿಯೊಂದು ಅದನ್ನು ಕೊಂಡಿತು. ಶುದ್ಧೀಕರಣಕ್ಕಾಗಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಗ ಪೊಲೀಸರು ಅದನ್ನು ವಶಪಡಿಸಿಕೊಂಡರು. ತಾನು ಹಣ ತೆತ್ತು ಪ್ರಾಮಾಣಿಕವಾಗಿ ಕೊಂಡುದೆಂದು ಕಂಪನಿಯು ದಾವೆ ಹೂಡಿತು.

ಇದು ಪತ್ತೂರಿನದೇ ಮೂರ್ತಿಯೆಂದು ತೋರಿಸುವುದು ಹೇಗೆ? ಅದೇ ಸ್ಥಳದಲ್ಲಿ ತರುವಾಯ ದೊರೆತ ಇತರ ಕಂಚುಗಳೊಡನೆ ನಟರಾಜನ ಲೋಹವನ್ನೂ, ಮೈಗೆ ಅಂಟಿದ ಮಣ್ಣನ್ನೂ, ಗೆದ್ದಲು ಹರಿದ ಜಾಡನ್ನೂ ತಜ್ಞರು ಹೋಲಿಸಿ ನೋಡಿದರು. ಗೆದ್ದಲೂ ಸಾಕ್ಷಿ ನುಡಿದ ಮೊಕದ್ದಮೆಯಿದು!

ಇಂಗ್ಲೆಂಡಿನ ಕಾನೂನಿನಲ್ಲಿ ಗುಡಿಯು ವ್ಯಕ್ತಿಯಲ್ಲ. ಭಾರತದ ಕಾನೂನಿನಲ್ಲಿ ದೇವರೂ ದೇವಾಲಯವೂ ಸೊತ್ತಿನ ಒಡೆಯರಾಗಬಲ್ಲರು. ಇದನ್ನು ಮನ್ನಿಸಿದ ಲಂಡನ್ನಿನ ಉಚ್ಚ ನ್ಯಾಯಾಲಯವು 1988ರಲ್ಲಿ ಗುಡಿಯ ಪರವಾಗಿ ತೀರ್ಪಿತ್ತಿತು. 1991ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದು, ಶತಮಾನಗಳ ಹಿಂದೆ ಭೂಮಿಯಿತ್ತು ಗುಡಿ ಕಟ್ಟಿಸಿದಾತನ ಪುಣ್ಯಸಂಕಲ್ಪವು ಇಂದಿಗೂ ಆ ಗುಡಿಯ ರೂಪದಲ್ಲಿ ಜೀವಂತವಾಗಿದೆಯೆಂದು ಹೇಳಿತು. ನ್ಯಾಯಶಾಸ್ತ್ರದಲ್ಲಿ ಇಂತಹ ಮಾತು ಅಪರೂಪ.

ಅದೇ ವರ್ಷ ನಟರಾಜನು ತಮಿಳುನಾಡಿಗೆ ಮರಳಿದನು. ಆದರೆ ಪತ್ತೂರಿನ ಗುಡಿ ಹಾಳಾಗಿದ್ದುದರಿಂದ ಅವನನ್ನು ತಿರುವಾರೂರಿನ ವಿಗ್ರಹ ರಕ್ಷಣಾ ಕೇಂದ್ರದಲ್ಲಿ ಇರಿಸಲಾಯಿತು.